ಇಂಗಿದ ನೀರು, ನುಗ್ಗಿದ ನೀರು

2022ರ ಸೆಪ್ಟೆಂಬರ್ ಮೊದಲ ವಾರ. ಬೆಂಗಳೂರಿನ ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್ ಬಡಾವಣೆಯ ನಿವಾಸಿಗಳು ಟ್ರ್ಯಾಕ್ಟರ್ ಹತ್ತಿ ಹೊರಗೆ ಬರುತ್ತಿದ್ದ ಚಿತ್ರಗಳನ್ನು ದೇಶವೆಲ್ಲ ನೋಡಿತು. ಕೋಟಿ ಬೆಲೆಯ ವಿಲ್ಲಾಗಳಿಗೂ ನೀರು ನುಗ್ಗಿತಲ್ಲ ಎಂದು ನಕ್ಕವರೇ ಹೆಚ್ಚು. ಯೋಚಿಸಬೇಕಾಗಿದ್ದ ಸಂಗತಿ ಮಾತ್ರ ಆ ನಗೆಯಲ್ಲಿ ಮರೆಯಾಯಿತು. ಮಳೆನೀರಿನ ವಿಷಯದಲ್ಲಿ ನಗರಕ್ಕೇ ಮಾದರಿ ಎಂದು ವರ್ಷಗಟ್ಟಲೆ ಹೊಗಳಿಸಿಕೊಂಡಿದ್ದ ಬಡಾವಣೆಯೇ ಆ ದಿನ ಮುಳುಗಿತ್ತು.

ಆ ಹೊಗಳಿಕೆ ಪುಕ್ಕಟೆಯಾಗಿ ಬಂದದ್ದಲ್ಲ. ಕಾವೇರಿ ನೀರು ಬಾರದ ಜಾಗ, ಕೊಳವೆಬಾವಿಗಳು ಒಂದೊಂದೇ ಕೈಕೊಡುತ್ತಿದ್ದ ಕಾಲ. ಊರೆಲ್ಲ ಟ್ಯಾಂಕರಿನ ಹಿಂದೆ ಬಿದ್ದಾಗ ಇಲ್ಲಿಯ ನಿವಾಸಿಗಳ ಸಂಘ ತನ್ನ ನೀರಿನ ಲೆಕ್ಕ ತಾನೇ ಬರೆಯಲು ಕುಳಿತಿತು. ಮನೆಗೊಂದು ಕೊಳವೆಬಾವಿ ಕೊರೆಯುವುದನ್ನು ತಡೆಯಿತು, ಹೆಚ್ಚು ಬಳಸಿದವರಿಗೆ ಹೆಚ್ಚು ದರ ಹಾಕಿತು, ನಿವೇಶನಗಳಲ್ಲೂ ರಸ್ತೆಬದಿಯ ಚರಂಡಿಗಳಲ್ಲೂ ಇಂಗುಬಾವಿ ತೋಡಿಸಿತು. ಎರಡು ನೂರಕ್ಕೂ ಹೆಚ್ಚು ಇಂಗುಬಾವಿಗಳು ಹೀಗೆ ಬಂದವು. ಪಕ್ಕದ ಮನೆಯವರಿಗೆ ನೀರು ಕಡಿಮೆ ಬಳಸಿ ಎಂದು ಹೇಳುವುದು ಎಷ್ಟು ಕಷ್ಟ ಎಂಬುದು ಯಾವುದೇ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಯಲ್ಲಿ ಕುಳಿತವರಿಗೆ ಗೊತ್ತು. ನನ್ನ ಮಟ್ಟಿಗೆ ಇಲ್ಲಿಯ ದೊಡ್ಡ ಸಾಧನೆ ಬಾವಿಗಿಂತಲೂ ಆ ದರಪಟ್ಟಿ.

ಇನ್ನು ಬಾವಿಗಳ ವಿಷಯ. ಬೆಂಗಳೂರಿನಲ್ಲಿ ಇಂಗುಬಾವಿ ತೋಡುವವರು ತಲೆಮಾರುಗಳಿಂದ ಇದೇ ಕಸುಬು ಬಲ್ಲ ಭೋವಿ ಸಮುದಾಯದವರು. ಮೂರಡಿ ಅಗಲ, ಇಪ್ಪತ್ತಡಿ ಆಳ ತೆಗೆದು, ಸಿಮೆಂಟ್ ರಿಂಗುಗಳನ್ನು ಗಾರೆ ಹಾಕದೆ ಒಂದರ ಮೇಲೊಂದು ಇಳಿಸುತ್ತಾರೆ. ನೀರು ಸಂದಿಗಳಿಂದಲೂ ತಳದಿಂದಲೂ ಮಣ್ಣಿಗೆ ಸೇರುತ್ತದೆ. ಇಂಥ ಒಂದು ಬಾವಿ ಹಿಡಿಯುವುದು ಹೆಚ್ಚುಕಡಿಮೆ 4,000 ಲೀಟರ್. ಎಕರೆಗೆ ಹತ್ತು ಬಾವಿ ಎಂದು ಧಾರಾಳವಾಗಿ ಹಿಡಿದರೂ 40,000 ಲೀಟರ್ ಆಯಿತು. 20 ಮಿಲಿಮೀಟರ್ ಮಳೆ ಬಿದ್ದರೆ ಒಂದು ಎಕರೆಯ ಮೇಲೆ ಸುರಿಯುವುದು 80,000 ಲೀಟರ್. ಅದರಲ್ಲಿ ಅರ್ಧ ಚರಂಡಿಗೆ ಹರಿದರೂ ಬಾವಿಗಳು ಸಲೀಸಾಗಿ ನುಂಗುತ್ತವೆ. ವರ್ಷದ ಬಹುಪಾಲು ಮಳೆಗಳು ಇಂಥ ಸಣ್ಣ ಮಳೆಗಳೇ ಆದ್ದರಿಂದ ಅಂತರ್ಜಲದ ಲೆಕ್ಕದಲ್ಲಿ ಈ ಪದ್ಧತಿ ಗೆದ್ದಿದೆ.

2022ರ ಸೆಪ್ಟೆಂಬರ್ 4ರ ರಾತ್ರಿ ನಗರಕ್ಕೆ ಬಿದ್ದದ್ದು ಸುಮಾರು 130 ಮಿಲಿಮೀಟರ್, ಎಂದರೆ ಎಕರೆಗೆ ಐದು ಲಕ್ಷ ಲೀಟರಿಗೂ ಮಿಕ್ಕಿ. ಅದಾಗಲೇ ವಾರವಿಡೀ ನೆನೆದಿದ್ದ ನೆಲ ಕುಡಿಯುವುದನ್ನು ನಿಲ್ಲಿಸಿತ್ತು. ಇಷ್ಟು ಬಡಾವಣೆಯ ಸ್ವಂತ ಮಳೆಯ ಲೆಕ್ಕ. ಮೇಲ್ಗಡೆಯ ಹಾಲನಾಯಕನಹಳ್ಳಿ ಕೆರೆ ತುಂಬಿ ಹರಿದು ಬಂದ ನೀರಿಗೆ ಲೆಕ್ಕವೇ ಇಲ್ಲ. ಆ ನೀರಿಗೆ ಹಿಂದೆ ಒಂದು ದಾರಿ ಇತ್ತು. ಕೆರೆ ಕೋಡಿ ಬಿದ್ದರೆ ರಾಜಕಾಲುವೆ, ಕಾಲುವೆ ಉಕ್ಕಿದರೆ ಅಚ್ಚುಕಟ್ಟಿನ ಗದ್ದೆ, ಅಲ್ಲಿಂದ ಮುಂದಿನ ಕೆರೆ. ಗದ್ದೆಯಲ್ಲಿ ಎರಡು ದಿನ ನೀರು ನಿಂತರೆ ಯಾರೂ ಟ್ರ್ಯಾಕ್ಟರ್ ಕರೆಸುತ್ತಿರಲಿಲ್ಲ. ಆ ತಗ್ಗಿನಲ್ಲೇ ಈಗ ಮನೆಗಳಿವೆ. ಕಾಲುವೆಯ ಜಾಗದ ಒಂದಿಷ್ಟು ಬಡಾವಣೆಯೊಳಗೇ ಸೇರಿಹೋಗಿದೆ ಎಂಬ ಒತ್ತುವರಿ ಆರೋಪವೂ ಆ ಪ್ರವಾಹದ ಬೆನ್ನಿಗೇ ಎದ್ದಿತು.

ಹಾಗಾಗಿ ಇಂಗುಬಾವಿ ಸೋತಿತು ಎನ್ನುವವರ ಜೊತೆ ನಾನಿಲ್ಲ. ಅದಕ್ಕೆ ವಹಿಸದ ಕೆಲಸವನ್ನು ಅದು ಮಾಡಲಿಲ್ಲ, ಅಷ್ಟೆ. ತಪ್ಪು ಇರುವುದು ನಮ್ಮ ಹೊಗಳಿಕೆಯಲ್ಲಿ. ನೀರು ಇಂಗಿಸುವುದಕ್ಕೂ ನೆರೆ ತಡೆಯುವುದಕ್ಕೂ ಒಂದೇ ಮದ್ದು ಸಾಕೆಂದು ಪತ್ರಿಕೆಗಳೂ ಅಧಿಕಾರಿಗಳೂ ಪರಿಸರಪ್ರೇಮಿಗಳೂ ಸೇರಿ ನಂಬಿಸಿದ್ದೇವೆ. 2009ರಲ್ಲಿ ಜಲಮಂಡಳಿ ಮಳೆನೀರು ಕೊಯ್ಲು ಕಡ್ಡಾಯ ಮಾಡಿದಾಗಲೂ ನಿಯಮ ನೋಡಿದ್ದು ನಿವೇಶನದ ಅಳತೆಯನ್ನು. ಅದು ಯಾವ ಇಳಿಜಾರಿನ ಕೊನೆಗಿದೆ ಎಂದು ಕೇಳಲಿಲ್ಲ.

ಕ್ಯಾಲಿಫೋರ್ನಿಯಾದ ಡೇವಿಸ್ ಪಟ್ಟಣದ ವಿಲೇಜ್ ಹೋಮ್ಸ್ ಇಲ್ಲಿ ನೆನಪಾಗುತ್ತದೆ. ಮೈಕೇಲ್ ಮತ್ತು ಜೂಡಿ ಕಾರ್ಬೆಟ್ ದಂಪತಿ 1970ರ ದಶಕದಲ್ಲಿ ಅದನ್ನು ಕಟ್ಟಿದಾಗ ಮಳೆನೀರಿಗೆ ನೆಲದಡಿಯ ಕೊಳವೆ ಹಾಕಲು ಒಪ್ಪಲಿಲ್ಲ. ಮನೆಗಳ ಹಿಂದೆ ಆಳವಿಲ್ಲದ ತೆರೆದ ತೋಡುಗಳು, ಅಲ್ಲಲ್ಲಿ ನೀರು ತಡೆದು ನಿಲ್ಲಿಸುವ ಸಣ್ಣ ಒಡ್ಡುಗಳು, ಕಿರಿದಾದ ರಸ್ತೆಗಳು. ನಗರದ ಎಂಜಿನಿಯರುಗಳಿಗೆ ನಂಬಿಕೆ ಬರಲಿಲ್ಲ. ತೋಡುಗಳು ಕೆಲಸ ಮಾಡಿದವು, ಕೊಳವೆಯ ಹಣವೂ ಉಳಿಯಿತು. ಡೇವಿಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ನಮ್ಮದರ ಅರ್ಧದಷ್ಟು, ಅದೂ ಚಳಿಗಾಲದಲ್ಲಿ. ನಕಲು ಮಾಡಿದರೆ ಕೆಡುತ್ತೇವೆ. ಆದರೆ ಒಂದನ್ನು ಕಲಿಯಬಹುದಿತ್ತು. ಅಲ್ಲಿ ಮೊದಲು ನೀರಿಗೆ ಜಾಗ ಬಿಟ್ಟು ಆಮೇಲೆ ಮನೆಗಳಿಗೆ ಗೆರೆ ಎಳೆದರು. ನಾವು ನಿವೇಶನಗಳನ್ನೆಲ್ಲ ಮಾರಿ ಮುಗಿಸಿ, ಉಳಿದ ಮೂಲೆಯಲ್ಲಿ ಬಾವಿ ತೋಡುತ್ತೇವೆ.

ನಮ್ಮ ಪಾರ್ಕುಗಳನ್ನೇ ನೋಡಿ. ಬಹುತೇಕ ಎಲ್ಲವೂ ರಸ್ತೆಗಿಂತ ಎತ್ತರ, ಸುತ್ತ ಕಲ್ಲಿನ ಕಟ್ಟು, ಮೇಲೆ ಕಬ್ಬಿಣದ ಬೇಲಿ. ಬಡಾವಣೆಯಲ್ಲಿ ನೀರು ಕುಡಿಯಬಲ್ಲ ದೊಡ್ಡ ಮಣ್ಣುನೆಲ ಅದೊಂದೇ, ಅದಕ್ಕೇ ನೀರಿನ ಪ್ರವೇಶವಿಲ್ಲ! ಆಟದ ಬಯಲನ್ನು ರಸ್ತೆಗಿಂತ ಎರಡಡಿ ತಗ್ಗಿಸಿದರೆ ಎಕರೆಗೆ ಇಪ್ಪತ್ತನಾಲ್ಕು ಲಕ್ಷ ಲೀಟರ್ ನೀರು ತಾತ್ಕಾಲಿಕವಾಗಿ ನಿಲ್ಲುತ್ತದೆ. ಆರು ನೂರು ಇಂಗುಬಾವಿಗಳಿಗೆ ಸಮ. ಮಕ್ಕಳಿಗೆ ಮೂರು ದಿನ ಕ್ರಿಕೆಟ್ ತಪ್ಪೀತು. ರಾಜಕಾಲುವೆಗೆ ಎರಡೂ ಕಡೆ ಕಾಂಕ್ರೀಟ್ ಗೋಡೆ ಎಬ್ಬಿಸುವ ಪಾಲಿಕೆಯ ಪದ್ಧತಿ ಇದಕ್ಕೆ ತದ್ವಿರುದ್ಧ. ನೀರಿನ ಓಟ ಹೆಚ್ಚಿಸಿ ಕೆಳಗಿನವರ ಅಂಗಳಕ್ಕೆ ದಾಟಿಸುವುದೇ ಅದರ ಗುರಿ.

ಕಾಲುವೆಯ ಅಂಚಿಗೆ ಜಾಗ ಬಿಡಬೇಕೆಂಬುದರಲ್ಲೂ ನಾವು ಹಿಂದಕ್ಕೇ ಬಂದಿದ್ದೇವೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯಂಚಿನಿಂದ 75 ಮೀಟರ್ ಬಿಡಿ ಎಂದಿತು, ಕಾಲುವೆಗಳ ಅಂಚನ್ನೂ ಬಿಗಿಗೊಳಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿದ ಮೇಲೆ ಹಳೆಯ ಮಾಸ್ಟರ್ ಪ್ಲಾನಿನ 30 ಮೀಟರೇ ಗತಿಯಾಯಿತು. ಕಾನೂನಿನ ತರ್ಕ ಏನೇ ಇರಲಿ, ನೀರಿಗೆ ಸಿಕ್ಕಿದ್ದು ಕಡಿಮೆ ಜಾಗ.

ಸರ್ಜಾಪುರದ ಕಡೆ ಇವತ್ತಿಗೂ ಹೊಸ ಬಡಾವಣೆಗಳು ಏಳುತ್ತಿವೆ. ಸೈಟ್ ನೋಡಲು ಹೋದವರ ಕೈಗೆ ಕೊಡುವ ಬಣ್ಣದ ಪುಸ್ತಿಕೆಯಲ್ಲಿ ಮಳೆಕೊಯ್ಲಿಗೊಂದು ಪುಟ ಖಂಡಿತ ಮೀಸಲು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಯಾವ ಸರ್ವೆ ನಂಬರಿನ ಮೇಲೆ ಹಾದುಹೋಗುತ್ತದೆ ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ. ಅದಕ್ಕೆ ಹಳೆಯ ಗ್ರಾಮನಕ್ಷೆಯನ್ನೇ ತೆಗೆಸಿ ನೋಡಬೇಕು. ಹಳ್ಳ, ಕಾಲುವೆ, ಕೆರೆಯಂಗಳ ಎಲ್ಲವನ್ನೂ ಅದರಲ್ಲಿ ಗೆರೆ ಹಾಕಿ ತೋರಿಸಿದ್ದಾರೆ.