ಕೋಠಿಯ ಪ್ರೇಮಕಥೆ, ಬಳ್ಳಾರಿಯ ಕಂದಾಯ

ಹೈದರಾಬಾದಿಗೆ ಕೆಲಸಕ್ಕೆ ಬಂದ ಕನ್ನಡಿಗನಿಗೆ ಓದುವ ಚಟವಿದೆ ಎಂದು ಗೊತ್ತಾದರೆ ಸಾಕು, ಯಾರಾದರೂ ಒಬ್ಬರು ‘ವೈಟ್ ಮುಘಲ್ಸ್’ ತಂದು ಕೈಗಿಡುತ್ತಾರೆ. ನನಗೂ ಹಾಗೇ ಆಯಿತು. ವಿಲಿಯಂ ಡಾಲ್ರಿಂಪಲ್ ಅವರ 2002ರ ಈ ಪುಸ್ತಕದ ನಡುವೆ ಇರುವುದು ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ ಮತ್ತು ಖೈರುನ್ನಿಸಾ ಬೇಗಂ ಅವರ ಮದುವೆ. ಓದಿ ಮುಗಿಸಿ ಕೋಠಿಗೆ ಹೋಗಿ ರೆಸಿಡೆನ್ಸಿ ನೋಡಿದೆ. ಈಗದು ಮಹಿಳಾ ವಿಶ್ವವಿದ್ಯಾಲಯದ ಆವರಣದೊಳಗಿದೆ. ಎತ್ತರದ ಕಂಬಗಳು, ಅಗಲವಾದ ಮೆಟ್ಟಿಲು, ಅದರ ಅಕ್ಕಪಕ್ಕ ಸಿಂಹಗಳು. ಜೊತೆಗೆ ಬಂದವರೆಲ್ಲ ಪ್ರೇಮಕಥೆಯನ್ನೇ ಮಾತಾಡಿದರು.

ನನ್ನ ತಕರಾರು ಇರುವುದು ಇಲ್ಲೇ. ತಪ್ಪು ಪುಸ್ತಕದ್ದಲ್ಲ, ಅದರಲ್ಲಿ ಒಪ್ಪಂದಗಳೂ ಇವೆ, ಸೈನ್ಯವೂ ಇದೆ. ಅದನ್ನೆಲ್ಲ ಬದಿಗಿಟ್ಟು ಪ್ರೇಮವನ್ನಷ್ಟೇ ಮನೆಗೆ ಒಯ್ದವರು ಓದುಗರಾದ ನಾವು.

ಈ ಕಟ್ಟಡದ ಬಗ್ಗೆ ಎರಡು ಕಥೆಗಳು ಚಾಲ್ತಿಯಲ್ಲಿವೆ. ರೆಸಿಡೆಂಟ್ ಮೊದಲು ದೊಡ್ಡ ಹಾಳೆಯ ಮೇಲೆ ನಕ್ಷೆ ಬರೆಸಿ ಒಯ್ದನಂತೆ; ನಿಜಾಮ ಒಪ್ಪಲಿಲ್ಲ. ಅದೇ ನಕ್ಷೆಯನ್ನು ಸಣ್ಣ ಚೀಟಿಯಷ್ಟು ಮಾಡಿ ತಂದಾಗ ಒಪ್ಪಿದನಂತೆ. ಇದು ಒಂದು. ಪರದೆಯಲ್ಲಿದ್ದ ಬೇಗಂ ಕಟ್ಟಡದ ಮುಂಭಾಗಕ್ಕೆ ಬಂದು ನೋಡುವಂತಿರಲಿಲ್ಲ. ಹಾಗಾಗಿ ಅವಳಿಗೆಂದು ಹಿಂದಿನ ತೋಟದಲ್ಲಿ ಕಟ್ಟಡದ ಪುಟ್ಟ ಮಾದರಿ ಕಟ್ಟಿಸಿದನಂತೆ. ಇದು ಇನ್ನೊಂದು. ಮೊದಲನೆಯದನ್ನು ನಗುತ್ತಾ ಹೇಳುತ್ತೇವೆ, ಎರಡನೆಯದನ್ನು ಕಣ್ಣು ತುಂಬಿಕೊಂಡು. ಆದರೆ ಎರಡರಲ್ಲೂ ನಡೆದದ್ದು ಒಂದೇ. ಹಣ ಕೊಟ್ಟ ನಿಜಾಮನಿಗಾಗಲಿ, ಮನೆಯೊಡತಿಗಾಗಲಿ ಕಾಣಿಸಿದ್ದು ಕಿರಿದು ಮಾಡಿದ ರೂಪ. ಪೂರ್ಣ ಅಳತೆ ತಿಳಿದಿದ್ದವನು ರೆಸಿಡೆಂಟ್ ಒಬ್ಬನೇ.

ನನಗೆ ಇದು ತಟ್ಟುವುದಕ್ಕೆ ಕಾರಣವಿದೆ. ನಾನು ಬಳ್ಳಾರಿ ಕಡೆಯವ. ಇಲ್ಲಿನ ಕಲಬುರಗಿ ಗೆಳೆಯರು “ನೀವೇನ್ರೀ, ಮದ್ರಾಸಿನ ಮಂದಿ” ಎಂದು ಕಾಡಿಸುತ್ತಾರೆ. ಅವರ ಅಜ್ಜಂದಿರು ನಿಜಾಮರ ಪ್ರಜೆಗಳು, ನಮ್ಮಜ್ಜಂದಿರು ಮದ್ರಾಸ್ ಪ್ರಾಂತ್ಯದವರು. ಅದು ಹೇಗಾಯಿತು? 1798ರ ಒಪ್ಪಂದದಿಂದ ಹೈದರಾಬಾದಿನಲ್ಲಿ ಕಂಪನಿಯ ಸಹಾಯಕ ಸೈನ್ಯ ನೆಲೆಯೂರಿತು; ಅದರ ಖರ್ಚು ನಿಜಾಮನದು. 1800ರಲ್ಲಿ ಆ ಖರ್ಚಿಗೆಂದು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನೇ ಕಂಪನಿಗೆ ಬಿಟ್ಟುಕೊಡಲಾಯಿತು. ಟಿಪ್ಪುವಿನ ಯುದ್ಧಗಳಲ್ಲಿ ನಿಜಾಮನ ಪಾಲಿಗೆ ಬಂದಿದ್ದ ನೆಲವದು. ಆಗ ರೆಸಿಡೆಂಟ್ ಆಗಿದ್ದವನು ಇದೇ ಕರ್ಕ್‌ಪ್ಯಾಟ್ರಿಕ್. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ.

ನಮ್ಮ ಸೀಮೆಯ ಕಂದಾಯವನ್ನು ಆಧಾರ ಮಾಡಿಕೊಂಡು ನಿಂತ ಆ ಸೈನ್ಯದ ಬಿಡಾರವೇ ಮುಂದೆ ಊರಾಯಿತು. ಹುಸೇನ್ ಸಾಗರದ ಆಚೆಯ ಆ ದಂಡಿನ ಪ್ರದೇಶಕ್ಕೆ 1806ರಲ್ಲಿ ನಿಜಾಮ ಸಿಕಂದರ್ ಜಾಹನ ಹೆಸರಿಟ್ಟರು: ಸಿಕಂದರಾಬಾದ್. ಬೆಂಗಳೂರಿನವರಿಗೆ ಪೇಟೆ ಮತ್ತು ದಂಡು ಎಂದರೆ ತಟ್ಟನೆ ಅರ್ಥವಾಗುತ್ತದೆ. ಇಲ್ಲಿ ಚಾರ್ಮಿನಾರ್ ಕಡೆಯ ಹಳೆಯ ಊರು ಪೇಟೆಯಾದರೆ, ಸಿಕಂದರಾಬಾದ್ ದಂಡು. ಮೂಸಿ ನದಿಯ ಉತ್ತರ ದಡದ ರೆಸಿಡೆನ್ಸಿ ಇವೆರಡರ ನಡುವೆ. ಅದರ ಸುತ್ತಲಿನ ರೆಸಿಡೆನ್ಸಿ ಬಜಾರಿನಲ್ಲಿ ನಡೆಯುತ್ತಿದ್ದದ್ದು ಬ್ರಿಟಿಷರ ಕಾನೂನು. 1933ರಲ್ಲಿ ನಿಜಾಮರಿಗೆ ಮರಳಿದ ಮೇಲೆ ಅದು ಸುಲ್ತಾನ್ ಬಜಾರ್ ಆಯಿತು. 1857ರ ಜುಲೈ 17ರಂದು ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ನೇತೃತ್ವದಲ್ಲಿ ಜನ ರೆಸಿಡೆನ್ಸಿಯ ಮೇಲೆ ನುಗ್ಗಿದರು. ಅದಾದ ಬಳಿಕ ಗೋಡೆಗಳು ಗಟ್ಟಿಯಾದವು. ಪ್ರೇಮಕಥೆಯ ಕಟ್ಟಡವನ್ನು ಊರಿನ ಜನ ಹೇಗೆ ಓದಿದ್ದರು ಎಂಬುದಕ್ಕೆ ಇದಕ್ಕಿಂತ ನೇರ ವಿಮರ್ಶೆ ಬೇಕೆ?

ರೈಲಿನ ದಾರಿಯೂ ಇದನ್ನೇ ಹೇಳುತ್ತದೆ. 1874ರಲ್ಲಿ ನಮ್ಮ ವಾಡಿಯಿಂದ ಹಾಕಿದ ಹಳಿಗೂ ಹಣ ನಿಜಾಮರದೇ. ಆ ಹಳಿ ಹೋಗಿ ಮುಟ್ಟಿದ್ದು ಸಿಕಂದರಾಬಾದನ್ನು. ಹೈದರಾಬಾದಿನ ಹೆಸರಿನ ನಾಂಪಲ್ಲಿ ನಿಲ್ದಾಣ ಬಂದದ್ದು 1907ರಲ್ಲಿ. ಇಂದಿಗೂ ನಮ್ಮವರು ಹಲವರು ಮೊದಲು ಇಳಿಯುವುದು ದಂಡಿನಲ್ಲೇ.

ಹೈದರಾಬಾದನ್ನು ಬ್ರಿಟಿಷರು ನೇರವಾಗಿ ಆಳಲಿಲ್ಲ, ಆದ್ದರಿಂದ ಇದು ಅಪ್ಪಟ ನಿಜಾಮರ ನಗರ ಎಂದು ನಾವು ಬರೆಯುತ್ತಲೇ ಇರುತ್ತೇವೆ. ಖರ್ಚಿನ ಪುಸ್ತಕ ನೋಡಿದರೆ ಅದು ನಿಜ. ಊರು ಯಾವ ದಿಕ್ಕಿಗೆ ಬೆಳೆಯಿತೆಂದು ನೋಡಿದರೆ ಅರ್ಧ ಸುಳ್ಳು. ಹಣ ಇವರದು, ದಿಕ್ಕು ಅವರದು. ಆಳದೆಯೂ ಊರನ್ನು ಹೀಗೆ ತಿರುಗಿಸಿಕೊಳ್ಳಬಹುದು.

ಕೋಠಿಗೆ ಹೋಗುವ ಕನ್ನಡಿಗರು ಪ್ರೇಮಕಥೆ ಕೇಳಲಿ, ಬೇಡ ಎನ್ನುವುದಿಲ್ಲ. ಕೇಳಿದ ಮೇಲೆ ಲೆಕ್ಕವನ್ನೂ ಕೇಳಲಿ. ಅದರಲ್ಲಿ ನಮ್ಮೂರಿನ ಎರೆ ಹೊಲಗಳ ಪಾಲೂ ಇದೆ.