‘ಮೊದಲು ಬಿಡು, ಆಮೇಲೆ ಔಷಧಿ’: ಒಂದು ನಿಯಮದ ಪರೀಕ್ಷೆ

ರೋಗಿಗೆ ಔಷಧಿ ಕೊಡಬೇಕೆನ್ನಲು ಪುರಾವೆ ಬೇಕು. ಕೊಡಬಾರದೆನ್ನಲು? ಈ ಪ್ರಶ್ನೆಯನ್ನು ತರಗತಿಯಲ್ಲಿ ಚರ್ಚಿಸಲು ಒಂದು ಒಳ್ಳೆಯ ಉದಾಹರಣೆ ಇದೆ.

1997ರಲ್ಲಿ ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್ ಕರೆದ ತಜ್ಞರ ಸಭೆಯು ಹೆಪಟೈಟಿಸ್-ಸಿ ಕುರಿತು ಒಮ್ಮತದ ಹೇಳಿಕೆಯೊಂದನ್ನು ಹೊರಡಿಸಿತು. ಮಾದಕ ದ್ರವ್ಯ ಸೇವಿಸುವವರು ಅದನ್ನು ಬಿಟ್ಟು ಆರು ತಿಂಗಳಾದರೂ ಕಳೆಯುವವರೆಗೆ ಅವರ ಚಿಕಿತ್ಸೆಯನ್ನು ಮುಂದೂಡಬೇಕೆಂದು ಅದರಲ್ಲಿ ಹೇಳಲಾಗಿತ್ತು. ಈ ರೋಗದ ವೈರಸ್ ರಕ್ತದ ಮೂಲಕ ಹರಡುತ್ತದೆ; ಯಕೃತ್ತಿನಲ್ಲಿ ಹಲವು ವರ್ಷ ಸದ್ದಿಲ್ಲದೆ ಇದ್ದು, ಕೆಲವರಲ್ಲಿ ಸಿರೋಸಿಸ್ ಅಥವಾ ಕ್ಯಾನ್ಸರಿಗೆ ಕಾರಣವಾಗುತ್ತದೆ. ಆ ದೇಶದಲ್ಲಿ ಹೊಸದಾಗಿ ಸೋಂಕು ತಗಲುತ್ತಿದ್ದವರಲ್ಲಿ ಬಹುಪಾಲು ಮಂದಿ ಮಾದಕ ದ್ರವ್ಯವನ್ನು ಚುಚ್ಚಿಕೊಳ್ಳುವವರೇ. ರೋಗ ಎಲ್ಲಿ ಹೆಚ್ಚೋ ಅಲ್ಲಿಗೇ ಔಷಧಿ ಇಲ್ಲವೆಂದಾಯಿತು!

ನಿಯಮ ಮಾಡಿದವರಿಗೂ ನ್ಯಾಯ ಸಲ್ಲಬೇಕು. ಆಗ ಇದ್ದದ್ದು ಇಂಟರ್‌ಫೆರಾನ್ ಚುಚ್ಚುಮದ್ದು. ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಿತ್ತು, ಖಿನ್ನತೆ ತರುತ್ತಿತ್ತು, ಬಹುಪಾಲು ಜನರಿಗೆ ಗುಣವೂ ಆಗುತ್ತಿರಲಿಲ್ಲ. ವ್ಯಸನಿಗಳು ಮದ್ದನ್ನು ಕ್ರಮವಾಗಿ ತೆಗೆದುಕೊಳ್ಳಲಾರರು, ಗುಣವಾದರೂ ಮತ್ತೆ ಸೋಂಕು ತಗಲಿಸಿಕೊಳ್ಳುತ್ತಾರೆ ಎಂಬುದು ವಾದ. ಆದರೆ ಇದು ಊಹೆ. ಇಂಥವರನ್ನು ಪ್ರಯೋಗಗಳಿಂದಲೇ ಹೊರಗಿಟ್ಟರೆ ಊಹೆಯನ್ನು ಪರೀಕ್ಷಿಸುವುದು ಹೇಗೆ? 2001ರಲ್ಲಿ ಬ್ರಯಾನ್ ಎಡ್ಲಿನ್ ಮತ್ತು ಸಂಗಡಿಗರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಈ ನಿಯಮವನ್ನು ನೇರವಾಗಿ ಪ್ರಶ್ನಿಸಿದರು. 2002ರ ಹೇಳಿಕೆಯಲ್ಲಿ ನಿಯಮ ಸಡಿಲವಾಯಿತು. ರೋಗಿಯಿಂದ ರೋಗಿಗೆ ನೋಡಿ ನಿರ್ಧರಿಸಿ ಎಂದಾಯಿತು.

2013ರ ಡಿಸೆಂಬರಿನಲ್ಲಿ ಸೊಫೊಸ್ಬುವಿರ್ ಗುಳಿಗೆಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ದಿನಕ್ಕೊಂದು ಗುಳಿಗೆ, ಅಡ್ಡ ಪರಿಣಾಮಗಳು ಕಡಿಮೆ. ಹಳೆಯ ಕಾರಣಗಳು ಬಹುಮಟ್ಟಿಗೆ ಬಿದ್ದುಹೋದವು. ಆದರೆ ಹನ್ನೆರಡು ವಾರಗಳಿಗೆ ಬೆಲೆ 84,000 ಡಾಲರ್! ಬಡವರಿಗಾಗಿ ಇರುವ ಸರ್ಕಾರಿ ವಿಮೆ ಮೆಡಿಕೇಡ್‌ನಲ್ಲಿ ಹಲವು ರಾಜ್ಯಗಳು ‘ವ್ಯಸನ ಬಿಟ್ಟಿರಬೇಕು’ ಎಂಬ ಷರತ್ತು ಹಾಕಿದವು. ಕಾರಣ ಬದಲಾದರೂ ನಿಯಮ ಉಳಿದದ್ದನ್ನು ಗಮನಿಸಿ. ನನಗೆ ಅನುಮಾನ ಹುಟ್ಟುವುದು ಇಲ್ಲಿಯೇ.

ಪುರಾವೆ ಏನೆನ್ನುತ್ತದೆ? ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಪಡೆಯುತ್ತಿದ್ದವರ ಮೇಲೆ ನಡೆದ ಕೋ-ಸ್ಟಾರ್ ಪ್ರಯೋಗದ ವರದಿ 2016ರಲ್ಲಿ ಬಂತು. (ಇವೆರಡೂ ಹೆರಾಯಿನ್ ಅಂಟುವ ಗ್ರಾಹಕಗಳಿಗೇ ಅಂಟಿ ಹಂಬಲವನ್ನು ತಗ್ಗಿಸುವ ಔಷಧಿಗಳು.) ಕೂಡಲೇ ಚಿಕಿತ್ಸೆ ಪಡೆದ ಗುಂಪಿನಲ್ಲಿ ಶೇ. 91ಕ್ಕೂ ಹೆಚ್ಚು ಮಂದಿ ಗುಣವಾದರು. ನಡುವೆ ಮಾದಕ ದ್ರವ್ಯ ಸೇವಿಸಿದವರಲ್ಲೂ ಫಲಿತಾಂಶ ಕೆಡಲಿಲ್ಲ. ಆದರೆ ಜಾಣ ವಿದ್ಯಾರ್ಥಿ ಇಲ್ಲಿ ಕೈಯೆತ್ತಬೇಕು: ಈ ಪ್ರಯೋಗಕ್ಕೆ ಆರಿಸಿದ್ದು ಆಸ್ಪತ್ರೆಗೆ ತಪ್ಪದೆ ಬರುತ್ತಿದ್ದವರನ್ನು. ಈ ಆಕ್ಷೇಪಕ್ಕೆ 2018ರ ಸಿಂಪ್ಲಿಫೈ ಅಧ್ಯಯನದಲ್ಲಿ ತಕ್ಕಮಟ್ಟಿನ ಉತ್ತರವಿದೆ. ಇತ್ತೀಚೆಗೂ ಚುಚ್ಚಿಕೊಂಡಿದ್ದ 103 ಮಂದಿಯಲ್ಲಿ ಶೇ. 94ರಷ್ಟು ಜನ ಗುಣ ಹೊಂದಿದರು.

ಮರುಸೋಂಕಿನ ಭಯ ಮಾತ್ರ ಸುಳ್ಳಲ್ಲ. ಸೂಜಿ ಬಿಚ್ಚಬಹುದಾದ ಸಿರಿಂಜಿಗೆ ಬಣ್ಣದ ನೀರೆಳೆದು ಪೂರ್ತಿ ಒತ್ತಿ ನೋಡಿ. ಸೂಜಿ ಕೂಡುವ ಬುಡದಲ್ಲಿ ಸ್ವಲ್ಪ ನೀರು ಉಳಿದೇ ಇರುತ್ತದೆ. ಅಲ್ಲಿ ರಕ್ತ ಉಳಿದರೆ? ಅಂಥ ಸಿರಿಂಜಿನಲ್ಲಿ ಈ ವೈರಸ್ 63 ದಿನಗಳವರೆಗೂ ಬದುಕಬಲ್ಲದೆಂದು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ತೋರಿಸಿದರು. ಸೂಜಿ ಅಂಟಿಕೊಂಡೇ ಇರುವ ಇನ್ಸುಲಿನ್ ಸಿರಿಂಜಿನಲ್ಲಿ ಖಾಲಿ ಜಾಗ ತೀರ ಕಡಿಮೆ, ವೈರಸ್ಸಿನ ಆಯುಸ್ಸೂ ಅಲ್ಪ. ಆದ್ದರಿಂದಲೇ ಹೊಸ ಸಿರಿಂಜು ಹಂಚುವುದು ವ್ಯಸನಕ್ಕೆ ಪ್ರೋತ್ಸಾಹವಲ್ಲ, ಸೋಂಕಿನ ಸರಪಳಿ ಕತ್ತರಿಸುವ ಕೆಲಸ. 2017ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ ಬದಲಿ ಔಷಧಿಯಿಂದ ಸೋಂಕಿನ ಅಪಾಯ ಅರ್ಧದಷ್ಟು ಇಳಿಯುತ್ತದೆ. ಸಾಕಷ್ಟು ಸಿರಿಂಜೂ ಸಿಕ್ಕರೆ ಇಳಿಕೆ ಶೇ. 74ರಷ್ಟು. ಮರುಸೋಂಕಿಗೆ ಮದ್ದು ಇದು, ಚಿಕಿತ್ಸೆ ನಿರಾಕರಿಸುವುದಲ್ಲ. ಗುಣವಾದವನಿಂದ ಇನ್ನೊಬ್ಬನಿಗೆ ರೋಗ ಹರಡದು ಎಂಬ ಸರಳ ಲೆಕ್ಕವನ್ನೂ ಹಳೆಯ ನಿಯಮ ಮರೆತಿತ್ತು.

ಭಾರತದಲ್ಲಿ ಬೆಲೆಯ ನೆಪಕ್ಕೆ ಎಡೆಯಿಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಗುಳಿಗೆ ಎರಡೂ ಉಚಿತ. ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಸಿರಿಂಜು ವಿತರಣೆಯೂ ಬ್ಯುಪ್ರೆನಾರ್ಫಿನ್ ಚಿಕಿತ್ಸೆಯೂ ಇವೆ. ಆದರೆ ಮಾದಕ ದ್ರವ್ಯ ಸೇವನೆಯನ್ನೇ ಶಿಕ್ಷಾರ್ಹ ಅಪರಾಧವಾಗಿಸುವ 1985ರ ಕಾಯ್ದೆ ಜಾರಿಯಲ್ಲಿದೆ. ‘ನಾನು ಚುಚ್ಚಿಕೊಳ್ಳುತ್ತೇನೆ’ ಎಂದು ವೈದ್ಯರೆದುರು ಹೇಳಲು ಅಂಜುವವನ ರಕ್ತವನ್ನು ಯಾರೂ ಪರೀಕ್ಷಿಸುವುದೇ ಇಲ್ಲ.