ಹೆಸರಿನ ತುದಿಯ ‘ಡಿ’

2023ರ ಮಳೆಗಾಲದಲ್ಲಿ ರಾಜ್ಯದ ತುಂಬ ಕೆಂಗಣ್ಣು ಹಬ್ಬಿದಾಗ ಆರೋಗ್ಯ ಇಲಾಖೆ ಕೈ ತೊಳೆಯಿರಿ, ಟವೆಲ್ ಹಂಚಿಕೊಳ್ಳಬೇಡಿ ಎಂದು ಹೇಳಿತು. ಜನ ಸೀದಾ ಮೆಡಿಕಲ್ ಸ್ಟೋರಿಗೆ ಹೋದರು. ‘ಮದ್ರಾಸ್ ಐ ಆಗಿದೆ, ಡ್ರಾಪ್ಸ್ ಕೊಡಿ’ ಎಂದರೆ ಸಾಕು, ಚೀಟಿ ಕೇಳದೆ ಬಾಟಲಿ ಕೊಡುವ ಅಂಗಡಿಗಳು ಎಲ್ಲ ಊರಲ್ಲೂ ಇವೆ. ಅದರ ಹೆಸರಿನ ತುದಿಗೆ ‘ಡಿ’ ಅಂಟಿಕೊಂಡಿದ್ದರೆ ಆಂಟಿಬಯಾಟಿಕ್ ಜೊತೆಗೆ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಕೂಡ ಇರುವ ಸಂಭವವೇ ಹೆಚ್ಚು.

ಈ ಮದ್ದಿಗೆ ಬಂದಿರುವ ಹೆಸರು ಪುಕ್ಕಟೆಯದು. ಬಹುಪಾಲು ಕೆಂಗಣ್ಣಿಗೆ ಕಾರಣವಾದ ಅಡಿನೋವೈರಸ್ಸಿನ ಕೂದಲನ್ನೂ ಆಂಟಿಬಯಾಟಿಕ್ ಕೊಂಕಿಸದು. ಸ್ಟೆರಾಯ್ಡ್ ಕೆಂಪನ್ನು ಇಳಿಸುತ್ತದೆ ನಿಜ, ಆದರೆ ವೈರಸ್ ಕಣ್ಣಲ್ಲಿ ಇನ್ನಷ್ಟು ದಿನ ಉಳಿಯಲು ದಾರಿ ಮಾಡಿಕೊಡುತ್ತದೆ. ಕಣ್ಣು ಬೆಳ್ಳಗಾಯಿತೆಂದು ಮಗುವನ್ನು ಶಾಲೆಗೆ ಕಳಿಸುತ್ತೇವೆ, ಸೋಂಕೂ ಜೊತೆಗೇ ಹೋಗುತ್ತದೆ. ಎರಡು ಮೂರು ವಾರದೊಳಗೆ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುವ ರೋಗವಿದು. (ಕಣ್ಣಿಗೆ ಮನೆಮದ್ದಾಗಿ ಬಿಡುವ ನಂದಿಬಟ್ಟಲು ಹೂವಿನ ರಸಕ್ಕೂ ಹೀಗೇ ಕೀರ್ತಿ ಬಂದಿರಬೇಕು.)

ನಿಜವಾದ ಅಪಾಯ ಹರ್ಪಿಸ್ ಎಂಬ ಬೇರೊಂದು ವೈರಸ್ಸಿನದು. ಅದೂ ಕಣ್ಣನ್ನು ಕೆಂಪಾಗಿಸಿ ನೀರು ಸುರಿಸುತ್ತದೆ, ಸಾಮಾನ್ಯವಾಗಿ ಒಂದೇ ಕಣ್ಣಿನಲ್ಲಿ. ಅದರ ಮೇಲೆ ಸ್ಟೆರಾಯ್ಡ್ ಬಿದ್ದರೆ ಕಾರ್ನಿಯಾದ ಸಣ್ಣ ಹುಣ್ಣು ಅಗಲವಾಗಿ ಹರಡಿ, ಕಲೆ ಉಳಿದು, ದೃಷ್ಟಿಯೇ ಹೋಗಬಹುದು. ಇದನ್ನು ಪತ್ತೆಹಚ್ಚಲು ಎಷ್ಟು ಹೊತ್ತು ಬೇಕು? ಫ್ಲೋರೆಸೀನ್ ಎಂಬ ಬಣ್ಣ ಹಚ್ಚಿದ ಕಾಗದದ ಪಟ್ಟಿಯನ್ನು ಕೆಳರೆಪ್ಪೆಯೊಳಗೆ ತಾಗಿಸಿ, ಕಣ್ಣು ಮಿಟುಕಿಸಲು ಹೇಳಿ, ನೀಲಿ ಬೆಳಕು ಹಿಡಿದರೆ ಹರ್ಪಿಸ್ ಹುಣ್ಣು ಕವಲೊಡೆದ ಕೊಂಬೆಯ ಆಕಾರದಲ್ಲಿ ಹಸಿರಾಗಿ ಹೊಳೆಯುತ್ತದೆ. ಕೌಂಟರಿನ ಮೇಲೆ ಈ ಬೆಳಕಿಲ್ಲ.

ಹಾಗೆಂದು ಅಂಗಡಿಯವರನ್ನಷ್ಟೇ ಬೈದರೆ ಆಗದು. ಕಣ್ಣಾಸ್ಪತ್ರೆಗಳಿಂದಲೇ ಅಡಿನೋವೈರಸ್ ಹಬ್ಬಿದ ಪ್ರಸಂಗಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಕಣ್ಣಿನ ಒತ್ತಡ ಅಳೆಯುವ ಟೋನೋಮೀಟರಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಈ ವೈರಸ್ ಸಾಯುವ ಖಾತ್ರಿಯಿಲ್ಲ. ಬ್ಲೀಚ್ ದ್ರಾವಣದಲ್ಲಿ ಕೆಲ ನಿಮಿಷ ಅದ್ದಿಟ್ಟು ತೊಳೆಯಬೇಕು. ಹೊರರೋಗಿ ವಿಭಾಗದ ನೂಕುನುಗ್ಗಲಲ್ಲಿ ಅಷ್ಟು ಹೊತ್ತು ಯಾರು ಕಾಯುತ್ತಾರೆ?

ಸ್ಟೆರಾಯ್ಡಿಗೂ ಅದರದೇ ಜಾಗವಿದೆ. ಕಾರ್ನಿಯಾದಲ್ಲಿ ಬಿಳಿ ಚುಕ್ಕೆ ಮೂಡಿ ನೋಟ ಮಂಜಾದಾಗ, ರೆಪ್ಪೆಯೊಳಗೆ ಪೊರೆ ಕಟ್ಟಿದಾಗ, ತಜ್ಞರು ಸ್ಲಿಟ್ ಲ್ಯಾಂಪಿನಲ್ಲಿ ನೋಡಿ, ಒತ್ತಡ ಅಳೆಯುತ್ತ ಕೊಡಬೇಕಾದ ಮದ್ದು ಅದು. ಉಳಿದವರಿಗೆ ತಣ್ಣೀರ ಪಟ್ಟಿ, ಕೃತಕ ಕಣ್ಣೀರಿನ ಹನಿ, ಬೇರೆ ದಿಂಬು, ರಜೆ ಸಾಕು. ಕಷ್ಟವಿರುವುದು ಕೊನೆಯದರಲ್ಲಿ. ಕೆಂಗಣ್ಣು ಕಂಡರೆ ಗೇಟಿನಲ್ಲೇ ವಾಪಸು ಕಳಿಸಿ ಅಂದಿನ ಕೂಲಿ ಕಡಿಯುವ ಕಡೆ ದುಡಿಯುವವಳು ‘ಬೇಗ ಕೆಂಪು ಇಳಿಯೋದು ಕೊಡಿ ಅಣ್ಣ’ ಎಂದು ಕೇಳಿದರೆ ಅವಳ ಲೆಕ್ಕದಲ್ಲಿ ತಪ್ಪೇನೂ ಕಾಣದು.